ಗೋಡೆ ಬಿಳಿಯಾಗೇ ಇತ್ತು

ಜುಲೈ 4, ಶುಕ್ರವಾರ

ಅಣ್ಣಾ,

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆಯ ಫೋನ್ ಹಜಾರದಲ್ಲಿದೆ, ಫೋನಿನ ಪಕ್ಕ ಕುರ್ಚಿ ಇದೆ, ಕುರ್ಚಿಯಲ್ಲಿ ಅತ್ತೆ ಇದ್ದಾರೆ. ನಾನು ಕೇಳಬೇಕೆಂದಿರುವುದನ್ನು ಅವರೆದುರು ಕೇಳಿದರೆ “ಶುರುವಾಯ್ತಪ್ಪಾ ಇವಳದ್ದು” ಅನ್ನುವುದು ನಿನಗೂ ಕೇಳಿಸುತ್ತದೆ. ಹೇಗೂ ಫಿಲ್ಮ್ ರೋಲನ್ನು ನಿನ್ನ ಕಲರ್ ಲ್ಯಾಬಿಗೆ ಅಂಚೆಯಲ್ಲಿ ಕಳಿಸಬೇಕಿತ್ತು, ಜೊತೆಗೆ ಇದೂ ಬರಲಿ.

ನಿನ್ನ ಸೋದರಳಿಯನಿಗೆ ಇವತ್ತಿಗೆ ಇಪ್ಪತ್ತೊಂಬತ್ತು ದಿನ. ಮನೆಯಲ್ಲಿ ಯಾರೂ ಅವನನ್ನು ‘ಅವನು’ ಎನ್ನುವುದಿಲ್ಲ, ‘ಸಾಹೇಬರು’ ಎನ್ನುತ್ತಾರೆ. ಸಾಹೇಬರು ಎದ್ದರೆ ಎಲ್ಲರೂ ಏಳಬೇಕು, ಮಲಗಿದರೆ ಎಲ್ಲರೂ ತುದಿಗಾಲಲ್ಲಿ ಓಡಾಡಬೇಕು. ಇವರು ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು “ಹೋಗಿ ಬರ್ಲಾ ಸಾಹೇಬ್ರೇ?” ಎಂದು ಅಪ್ಪಣೆ ಕೇಳುತ್ತಾರೆ. ನನಗೆ ಮಾತ್ರ ಅಪ್ಪಣೆ ಸಿಗುವುದಿಲ್ಲ. ಸಾಹೇಬರು ಮಲಗಿದಾಗಲೂ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿರುತ್ತೇನೆ. ಸಂಖ್ಯಾಶಾಸ್ತ್ರದಲ್ಲಿ ಡಿಗ್ರಿ ಮಾಡಿದ್ದು ಮಗುವಿನ ಉಸಿರು ಎಣಿಸುವುದಕ್ಕೆ ಎಂದು ಇವರ ತಮಾಷೆ.

ಈಗ ಕೆಲಸದ ಮಾತು. ರೋಲಿನ ಕೊನೆಯ ಚಿತ್ರ ಕಳೆದ ಭಾನುವಾರ ಇವರು ತೆಗೆದದ್ದು. ಕಿಟಕಿಯ ಪಕ್ಕ, ಬಿಳಿ ಗೋಡೆಯ ಮುಂದೆ, ನನ್ನ ತೋಳಿನ ಮೇಲೆ ಸಾಹೇಬರು. ತಲೆಯ ಮೇಲೆ ಅಮ್ಮ ಹೆಣೆದಿಟ್ಟು ಹೋದ ಟೋಪಿ. ನಿನ್ನ ಶಾಲೆಯ ಕೆಂಪು ಸ್ವೆಟರ್ ಬಿಚ್ಚಿ ಹೆಣೆದದ್ದು, “ನಿಮ್ಮಿಬ್ಬರಲ್ಲಿ ಯಾರಿಗೆ ಮೊದಲು ಮಗು ಆಗುತ್ತೋ ಅವರಿಗೆ” ಎಂದಿದ್ದಳಲ್ಲ, ಅದೇ. ಹೋದ ವರ್ಷ ನೀನು ಕಳಿಸಿದ ಕ್ಯಾಲೆಂಡರಿನಲ್ಲಿ ಬೀದಿಯೆಲ್ಲ ಬೂದು, ಒಂದು ಸೈಕಲ್ ಮಾತ್ರ ನೀಲಿ ಇತ್ತು. ನನಗೂ ಹಾಗೆ ಮಾಡಿಕೊಡು. ನಾನು, ಮಗು, ಗೋಡೆ ಎಲ್ಲ ಕಪ್ಪು-ಬಿಳುಪು, ಅಮ್ಮನ ಟೋಪಿ ಮಾತ್ರ ಕೆಂಪು.

ಆದರೆ ಬಣ್ಣ ತೆಗೆಯುವ ಮೊದಲು ಒಂದು ಸಲ ಸರಿಯಾಗಿ ನೋಡು. ಸಾಹೇಬರ ಕಣ್ಣಿನ ಬಿಳಿ ನನಗೆ ಹಳದಿಯಾಗಿ ಕಾಣುತ್ತದೆ. ಹುಟ್ಟಿದ ವಾರ ಎಲ್ಲ ಮಕ್ಕಳಿಗೂ ಇರುತ್ತದೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದರು. ತಿಂಗಳಾಯಿತು. “ಹೋಗಿದೆ ಬಿಡು” ಎಂದು ಅತ್ತೆ, “ನಿಂಗೆ ನಿದ್ದೆ ಇಲ್ಲ, ಅದಕ್ಕೆ ಎಲ್ಲಾ ಹಳದಿ” ಎಂದು ಇವರು. ನಮ್ಮ ಕೋಣೆಯ ಪರದೆ ಕಿತ್ತಳೆ, ಟ್ಯೂಬ್‌ಲೈಟ್ ಹಸಿರು, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ. ನೀನು ದಿನವಿಡೀ ಬಣ್ಣ ನೋಡಿಯೇ ಸಂಬಳ ತೆಗೆದುಕೊಳ್ಳುವವನು. ಹಳದಿ ಇದೆಯೋ ಇಲ್ಲವೋ ಹೇಳು. ಇದೆ ಎಂದರೆ ಯಾರು ಏನೇ ಅನ್ನಲಿ, ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗುತ್ತೇನೆ.

ನಿನ್ನ
ತಂಗಿ


ಜುಲೈ 11, ಶುಕ್ರವಾರ

ಪ್ರಿಯ ಪ್ರಶ್ನೆಪತ್ರಿಕೆ,

ಮಗು ಹುಟ್ಟಿದ ಮೇಲಾದರೂ ನಿನ್ನ ಪ್ರಶ್ನೆಗಳು ಕಡಿಮೆಯಾದಾವು ಅಂದುಕೊಂಡಿದ್ದೆ. ಐದು ವರ್ಷದವಳಿದ್ದಾಗ “ಹಸು ಕಪ್ಪಾದ್ರೆ ಹಾಲು ಯಾಕೆ ಬೆಳ್ಳಗೆ?” ಎಂದು ಅಪ್ಪನ ತಲೆ ತಿಂದವಳು ನೀನು.

ಚಿತ್ರ ಇದರ ಜೊತೆಗಿದೆ. ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮ ಯಜಮಾನರು ಯಾವುದನ್ನೂ ಹೊಗಳದ ಪ್ರಾಣಿ, ಅವರೇ “ಪರ್ವಾಗಿಲ್ಲ ಕಣಯ್ಯ, ಟೋಪಿ ಎದ್ದು ಬರ್ತಿದೆ” ಎಂದರು. ಅಂಚು ಬಿಡಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಉಣ್ಣೆಯ ಎಳೆ ಎಳೆಯೂ ಕೂದಲಿನ ಮೇಲೆ ಬಿದ್ದಿದೆ. ಒಂದು ಎಳೆ ತಪ್ಪಿದರೂ ಹಣೆಗೆ ಕೆಂಪು ಸೋರುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ. ಕಂಪ್ಯೂಟರಿಗೆ ಯಾವ ಬಣ್ಣವೂ ಗೊತ್ತಿಲ್ಲ. ಚಿತ್ರದಲ್ಲಿ ಒಂದು ಬಿಳಿಯನ್ನು ಹುಡುಕಿ, ‘ಇದು ಬಿಳಿ’ ಎಂದು ನಾವು ತೋರಿಸಬೇಕು. ಉಳಿದ ಬಣ್ಣಗಳೆಲ್ಲ ಅದರ ಮುಖ ನೋಡಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಹತ್ತು ಚಿತ್ರ ಬಂದರೆ ಎಂಟರಲ್ಲಿ ಹಳದಿ ಇರುತ್ತದೆ. ಬಲ್ಬಿನದು, ಪರದೆಯದು, ಹಳೆಯ ಫಿಲ್ಮಿನದು. ನಿಮ್ಮದರಲ್ಲೂ ಸ್ವಲ್ಪ ಇತ್ತು, ಬೆಳಕಿನದು, ತೆಗೆದಿದ್ದೇನೆ. ಸಾಹೇಬರು ಹಾಲಿನ ಹಾಗೆ ಬೆಳ್ಳಗಿದ್ದಾರೆ. ನೀನು ಇನ್ನಾದರೂ ಮಲಗು.

ನಿನ್ನ
ಅಣ್ಣ


ಜುಲೈ 19, ಶನಿವಾರ

ಅಣ್ಣಾ,

ನಿನ್ನ ಪತ್ರ ಬಂದ ಮಧ್ಯಾಹ್ನ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ. ಇವರು ನೋಡಿ ನಕ್ಕರು, ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ.

ಚಿತ್ರವನ್ನು ಹಜಾರದ ಗೋಡೆಗೆ ಹಾಕಿದ್ದೇವೆ. ಬಂದವರೆಲ್ಲ ಮೊದಲು ಟೋಪಿ ನೋಡುತ್ತಾರೆ, ಆಮೇಲೆ ಮಗುವನ್ನು. ಒಂದೇ ಒಂದು ದೂರು: ಕೆಂಪು ಯಾಕೋ ಗುಲಾಬಿಯ ಕಡೆ ವಾಲಿದೆ. ಟೋಪಿಯನ್ನು ಪಕ್ಕಕ್ಕೇ ಹಿಡಿದು ನೋಡಿದೆ. ಅಮ್ಮನ ಕೆಂಪು ಅಷ್ಟು ನಯವಾಗಿರಲಿಲ್ಲ, ಇಟ್ಟಿಗೆಗೆ ಹತ್ತಿರವಿತ್ತು. “ಈಗ ಟೋಪಿಗೂ ಕಾಯಿಲೆ ಹುಡುಕ್ತಾ ಇದೀಯಾ?” ಎಂದರು ಇವರು. ಬಿಡು.

ಗುರುವಾರ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಅಲ್ಲಿನ ನರ್ಸ್ ಅಕ್ಕ ಸೂಜಿ ತೆಗೆದಿಟ್ಟು, ಸಾಹೇಬರ ರೆಪ್ಪೆ ಎತ್ತಿ, “ಕಣ್ಣು ಸ್ವಲ್ಪ ಹಳದಿ ಇದೆ ಅಲ್ವಾ?” ಎಂದರು. ಹೋದ ತಿಂಗಳಾಗಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಈಗ ನಿನ್ನ ಬಲವಿತ್ತಲ್ಲ! “ಇಲ್ಲ ಅಕ್ಕ, ಈ ರೂಮಿನ ಗೋಡೆ ಹಳದಿ, ಅದಕ್ಕೆ ಹಾಗೆ ಕಾಣುತ್ತೆ. ನಮ್ಮಣ್ಣ ಕಲರ್ ಲ್ಯಾಬಲ್ಲಿದ್ದಾನೆ, ಅವನೇ ನೋಡಿ ಹೇಳಿದ್ದಾನೆ” ಎಂದೆ. ಆಕೆ ಗೋಡೆ ನೋಡಿದರು, ನನ್ನನ್ನು ನೋಡಿದರು. ಸಾಲಿನಲ್ಲಿ ಇಪ್ಪತ್ತು ಮಕ್ಕಳಿದ್ದವು. “ಸರಿ ಬಿಡಮ್ಮ” ಎಂದು ಮುಂದಿನವರನ್ನು ಕರೆದರು.

ಸಾಹೇಬರು ಹಾಲು ಚೆನ್ನಾಗಿ ಕುಡಿಯುತ್ತಾರೆ. ಅತ್ತೆಗೆ ಹೊಸ ಹೆಮ್ಮೆ ಶುರುವಾಗಿದೆ: ಪಕ್ಕದ ಮನೆಯ ಮಗುವಿನ ಲಂಗೋಟಿಗಳು ಎಷ್ಟು ಉಜ್ಜಿದರೂ ಕಲೆ, ನಮ್ಮವು ಒಮ್ಮೆ ಜಾಲಿಸಿದರೆ ಸಾಕು, ಹೊಸದರ ಹಾಗೆ ಬೆಳ್ಳಗೆ. “ನಮ್ ಸಾಹೇಬ್ರದ್ದು ಎಲ್ಲಾ ಸ್ವಚ್ಛ” ಎಂದು ತಂತಿಯ ಮೇಲೆ ಬೇಕೆಂದೇ ಬೀದಿಯ ಕಡೆಗೆ ಹರವುತ್ತಾರೆ.

ನಿನ್ನ
ಪ್ರಶ್ನೆಪತ್ರಿಕೆ (ಇವತ್ತು ಪ್ರಶ್ನೆ ಇಲ್ಲ)


ಜುಲೈ 28, ಸೋಮವಾರ

ಪ್ರಶ್ನೆಪತ್ರಿಕೆಗೆ,

ತಡವಾಯಿತು. ಮದುವೆಯ ಆಲ್ಬಮ್ಮುಗಳು ರಾಶಿ ಬಿದ್ದಿವೆ.

ಟೋಪಿಯ ಬಣ್ಣ ಕಾಗದದ ದೋಷವಿರಬೇಕು. ಈ ಸಲದ ಕಾಗದವೇ ಸರಿಯಿಲ್ಲ.

ಸಾಹೇಬರ ಕಣ್ಣು ಈಗ ಹೇಗಿದೆ? ಸುಮ್ಮನೆ ಕೇಳಿದೆ. ಆ ನರ್ಸ್ ಹೇಳಿದ್ದನ್ನು ಒಂದು ಸಲ ಡಾಕ್ಟರಿಗೂ ಹೇಳಿ ನೋಡಿದರೆ ತಪ್ಪೇನಿಲ್ಲ. ಗಾಬರಿಯಾಗಬೇಡ. ಏನೂ ಇರುವುದಿಲ್ಲ.

ಅಣ್ಣ


ಆಗಸ್ಟ್ 16, ಶನಿವಾರ

ಅಣ್ಣಾ,

ನಿನ್ನ ‘ಸುಮ್ಮನೆ ಕೇಳಿದೆ’ ಓದಿ ಅವತ್ತು ನಕ್ಕಿದ್ದೆ. ನನ್ನ ರೋಗ ಅಂಚೆಯಲ್ಲಿ ಹೋಗಿ ಅಣ್ಣನಿಗೂ ಅಂಟಿತು ಎಂದು ಇವರಿಗೆ ಓದಿ ಹೇಳಿದ್ದೆ.

ಒಂದು ವಿಷಯ ನಿನಗೆ ಬರೆದಿರಲಿಲ್ಲ. ಅಣ್ಣನಿಗೆ ಇದನ್ನೆಲ್ಲ ಬರೆಯುವುದು ಹೇಗೆ ಎಂದು ನಾಚಿಕೆ. ಮಗುವಿನ ಮಲಕ್ಕೆ ಬಣ್ಣವೇ ಇಲ್ಲ. ಸುಣ್ಣ ಕಲಸಿಟ್ಟ ಹಾಗಿರುತ್ತದೆ. ಎದೆಹಾಲು ಕುಡಿಯುವ ಮಗು, ಹಾಲಿನ ಹಾಗೇ ಇರುತ್ತದೆ ಎಂದು ಅತ್ತೆ ಹೇಳಿದ್ದನ್ನು ನಂಬಿದ್ದೆ. ಮಂಗಳವಾರ ಪಕ್ಕದ ಮನೆಯವಳು ಬಟ್ಟೆ ತೆಗೆಯುತ್ತಾ ತಮಾಷೆಗೆ, “ನೀವೇನ್ರೀ, ಮಗೂಗೆ ಊಟ ಹಾಕಲ್ವಾ? ಒಂದು ಕಲೆ ಇಲ್ಲ ನೋಡಿ!” ಎಂದಳು. ಅವಳ ಕೈಯಲ್ಲಿದ್ದ ಲಂಗೋಟಿಯ ಹಳದಿ ಕಲೆ ನೋಡಿದೆ. ನಮ್ಮ ತಂತಿ ನೋಡಿದೆ. ಒಂದೇ ಬಿಸಿಲು, ಅಣ್ಣಾ. ಪರದೆ ಇಲ್ಲ, ಟ್ಯೂಬ್‌ಲೈಟ್ ಇಲ್ಲ.

ತೊಳೆಯದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಯಾರಿಗೂ ಹೇಳದೆ, ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರು ಮಗುವಿನ ಮುಖ ನೋಡುವ ಮೊದಲೇ ಚೀಲ ಬಿಡಿಸಿ ನೋಡಿದರು. ಲಿವರಿನಿಂದ ಪಿತ್ತರಸ ಇಳಿಯುವ ನಾಳ ಮುಚ್ಚಿಹೋಗಿದೆಯಂತೆ. ಕೆಳಗೆ ಇಳಿಯಬೇಕಾದ್ದು ಮೈಗೇರುತ್ತಿದೆ, ಅದಕ್ಕೇ ಮೈ ಹಳದಿ, ಬಟ್ಟೆ ಬಿಳಿ. ಆಪರೇಷನ್ ಮಾಡಿ ಕರುಳನ್ನೇ ಲಿವರಿಗೆ ಜೋಡಿಸುತ್ತಾರೆ. ಅರವತ್ತು ದಿನದೊಳಗೆ ಆದರೆ ಒಳ್ಳೆಯದಂತೆ. ಇವತ್ತಿಗೆ ಎಪ್ಪತ್ತೆರಡು. ಎಣಿಸುವುದು ನನಗೆ ಗೊತ್ತಿದೆ.

“ಹಳದಿ ಯಾವಾಗಿಂದ ಇದೆಯಮ್ಮ? ಮಧ್ಯೆ ಪೂರ್ತಿ ಹೋಗಿತ್ತಾ?” ಎಂದು ಡಾಕ್ಟರು ಪದೇ ಪದೇ ಕೇಳುತ್ತಾರೆ. ನಾನು ನಿನ್ನ ಮಾತನ್ನೇ ಹೇಳುತ್ತಿದ್ದೇನೆ: ಇಪ್ಪತ್ತನಾಲ್ಕನೆಯ ದಿನ ಇರಲಿಲ್ಲ. ನೀನು ತಿದ್ದುವ ಮೊದಲಿನ ಬಣ್ಣದ ಚಿತ್ರ ಇದ್ದರೆ ಕಳಿಸು, ಅವರಿಗೆ ತೋರಿಸುತ್ತೇನೆ. ಬೇಗ.

ತಂಗಿ


ಆಗಸ್ಟ್ 20, ಬುಧವಾರ

ತಂಗೀ,

ಎರಡನ್ನೂ ಕಳಿಸುತ್ತಿದ್ದೇನೆ, ನೆಗೆಟಿವ್ ಮತ್ತು ಏನೂ ತಿದ್ದದ ಪ್ರಿಂಟ್. ಡಾಕ್ಟರಿಗೆ ‘ಇರಲಿಲ್ಲ’ ಎಂದು ಇನ್ನು ಒಂದು ಸಲವೂ ಹೇಳಬೇಡ. ಇತ್ತು.

ಪ್ರಿಂಟ್ ನೋಡಿದರೆ ನಿನಗೇ ತಿಳಿಯುತ್ತದೆ. ಆದರೂ ನಾನೇ ಬರೆಯಬೇಕು. ಹಳದಿ ಬೆಳಕಿನದಾಗಿದ್ದರೆ ಗೋಡೆಗೂ ಹತ್ತಬೇಕಿತ್ತು, ನಿನ್ನ ತೋಳಿಗೂ ಹತ್ತಬೇಕಿತ್ತು. ಗೋಡೆ ಬಿಳಿಯಾಗೇ ಇತ್ತು. ಮಗು ಮಾತ್ರ ಹಳದಿ ಇತ್ತು. ಈ ಕೆಲಸಕ್ಕೆ ಸೇರಿದ ಮೊದಲ ವಾರದವನಿಗೂ ಗೊತ್ತಾಗುವ ವಿಷಯ.

ನಾನು ಬಿಳಿ ತೋರಿಸಿದ್ದು ಗೋಡೆಯನ್ನಲ್ಲ, ಮಗುವಿನ ಕಣ್ಣನ್ನು. ಮುಖದ ಚಿತ್ರವಾದರೆ ನಾವು ಹಾಗೇ ಮಾಡುವುದು. ಕಣ್ಣಿನ ಬಿಳಿಯನ್ನು ತೋರಿಸಿದರೆ ಮುಖ ಬೇಗ ತಿಳಿಯಾಗುತ್ತದೆ. ಒಂದು ಸಲ ಒತ್ತಿದೆ. ಕಣ್ಣು ಬೆಳ್ಳಗಾಯಿತು, ಮುಖ ಬೆಳ್ಳಗಾಯಿತು, ಗೋಡೆ ನೀಲಿಗೆ ತಿರುಗಿತು. ಆ ನೀಲಿ ನೋಡಿ ಕೈ ಒಂದು ಕ್ಷಣ ನಿಂತಿತ್ತು. ಗೋಡೆ ಹೇಗೂ ಬೂದು ಆಗುತ್ತದಲ್ಲ, ಯಾರು ನೋಡುತ್ತಾರೆ ಎಂದುಕೊಂಡೆ. ಉಳಿದದ್ದು ಟೋಪಿ ಒಂದೇ. ಅದರಲ್ಲೂ ನಿನಗೆ ಕಾಣಿಸಿತು. ಕಾಗದದ ದೋಷವಲ್ಲ ಅದು. ಹಳದಿ ಕಳೆದರೆ ಇಟ್ಟಿಗೆಯ ಕೆಂಪು ಗುಲಾಬಿಯಾಗುತ್ತದೆ. ನಿನ್ನ ಪತ್ರ ಓದಿದ ದಿನವೇ ನನಗೆ ಗೊತ್ತಾಯಿತು. ಆರು ದಿನ ಅದನ್ನು ಇಟ್ಟುಕೊಂಡು ಕೂತೆ, ಕೊನೆಗೆ ‘ಸುಮ್ಮನೆ ಕೇಳಿದೆ’ ಎಂದು ಬರೆದೆ.

ಇನ್ನೊಂದು. ನಿನ್ನ ಮೊದಲ ಪತ್ರಕ್ಕೆ ಎರಡು ದಿನ ಮುಂಚೆ ಭಾವನ ಕಾರ್ಡ್ ಬಂದಿತ್ತು. “ಅವಳು ನಿದ್ದೆ ಬಿಟ್ಟಿದ್ದಾಳೆ. ಏನು ಕೇಳಿದರೂ ಎಲ್ಲಾ ಸರಿ ಇದೆ ಅಂತ ಬರೀರಿ. ನಿಮ್ಮ ಮಾತು ಕೇಳ್ತಾಳೆ.” ಅವರ ತಪ್ಪು ಎನ್ನಲು ಇದನ್ನು ಬರೆಯುತ್ತಿಲ್ಲ. ಅವರು ಚಿತ್ರ ನೋಡಿರಲಿಲ್ಲ. ನಾನು ನೋಡಿದ್ದೆ.

ಅಣ್ಣ


ಸೆಪ್ಟೆಂಬರ್ 8, ಸೋಮವಾರ

ತಂಗೀ,

ಆಮೇಲೆ ಎರಡು ಪತ್ರ ಹಾಕಿದೆ. ಸಿಕ್ಕಿದವೋ, ಸಿಕ್ಕಿ ತೆರೆಯಲಿಲ್ಲವೋ. ಫೋನ್ ಮಾಡಿದೆ. ನಿಮ್ಮತ್ತೆ ಎತ್ತಿಕೊಂಡು, “ಇಪ್ಪತ್ತೈದಕ್ಕೆ ಆಪರೇಷನ್ ಆಯ್ತಪ್ಪಾ, ಇಬ್ರೂ ಅಲ್ಲೇ ಇದಾರೆ” ಎಂದರು. ಅವರು ಅಳುತ್ತಿದ್ದರು ಅನ್ನಿಸುತ್ತದೆ.

ಬರುತ್ತೇನೆ ಎಂದರೆ ಬೇಡ ಅನ್ನುತ್ತೀಯ ಎಂದು ಬಂದಿಲ್ಲ. ಬಾ ಎಂದು ಒಂದು ಸಾಲು ಬರೆದರೆ ಅವತ್ತೇ ಹೊರಡುತ್ತೇನೆ.

ಲ್ಯಾಬಿನಲ್ಲಿ ಯಾವ ಚಿತ್ರ ತೆರೆದರೂ ಬಿಳಿ ತೋರಿಸಲು ಕೈ ಏಳುವುದಿಲ್ಲ. “ಏನಯ್ಯ, ಮದುಮಗಳನ್ನ ಕಾಯ್ತಾ ಕೂತಿದೀಯಾ?” ಎಂದು ಯಜಮಾನರು ಬೈದರು.

ಅಣ್ಣ


ಸೆಪ್ಟೆಂಬರ್ 25, ಗುರುವಾರ

ಅಣ್ಣನಿಗೆ,

ಪತ್ರಗಳು ಸಿಕ್ಕವು. ತೆರೆದೆ. ಉತ್ತರ ಬರೆಯಲು ಕೂತರೆ ನನ್ನ ಜುಲೈ ಹತ್ತೊಂಬತ್ತರ ಪತ್ರವೇ ನೆನಪಾಗುತ್ತಿತ್ತು. ನೀನು ಒಂದು ಸಲ ಒತ್ತಿದೆ. ನಾನು ಆ ನರ್ಸ್ ಅಕ್ಕನ ಬಾಯಿ ಮುಚ್ಚಿಸಿ ಬಂದು, ಅದನ್ನು ಹೆಮ್ಮೆಯಿಂದ ನಿನಗೆ ಬರೆದೆ.

ಕಾರ್ಡಿನ ವಿಷಯ ಇವರನ್ನು ಕೇಳಿದೆ. ಇಲ್ಲ ಎನ್ನಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚಿದರು, ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದರು. “ನೀನು ಮಲ್ಗಿದ್ರೆ ಸಾಕಿತ್ತು ನಂಗೆ” ಎಂದರು. ಅದು ಸುಳ್ಳಲ್ಲ.

ಆಪರೇಷನ್ ಎಂಬತ್ತೊಂದನೆಯ ದಿನ ಆಯಿತು. ಆಮೇಲೆ ನೋಡಬೇಕಾದದ್ದು ಒಂದೇ, ಬಟ್ಟೆಗೆ ಬಣ್ಣ ಬರುತ್ತದೆಯೇ ಎಂದು. ಬಂದರೆ ದಾರಿ ತೆರೆದಿದೆ ಎಂದರ್ಥ. ಒಂಬತ್ತನೆಯ ದಿನ ತಿಳಿ ಹಸಿರು ಬಂತು. ವಾರ್ಡಿನ ಅಮ್ಮಂದಿರೆಲ್ಲ ಬಂದು ನೋಡಿದರು. ಅತ್ತೆ ಅದನ್ನು ತೊಳೆಯಲು ಬಿಡಲೇ ಇಲ್ಲ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡರು. ನಾಲ್ಕು ದಿನ ಹಸಿರು. ಐದನೆಯ ದಿನದಿಂದ ಮತ್ತೆ ಬಿಳಿ. ಮೊನ್ನೆ ಮನೆಗೆ ಕಳಿಸಿದ್ದಾರೆ.

ಚುಚ್ಚುಮದ್ದಿನ ರೂಮಿಗೆ ಹೋಗಿ ನರ್ಸ್ ಅಕ್ಕನಿಗೆ ಎರಡೂ ಚಿತ್ರ ತೋರಿಸಿದೆ. ಬೈಯಲಿ ಎಂದೇ ಹೋಗಿದ್ದೆ. ಆಕೆ ಬಹಳ ಹೊತ್ತು ನೋಡಿ, “ನಾನು ಇನ್ನೊಂದ್ ಸಲ ಕೇಳ್ಬೇಕಿತ್ತು” ಎಂದರು. ಗೋಡೆಯ ಮೇಲಿದ್ದ ಕಾಗದ ತೋರಿಸಿದರು. ಕಾಮಾಲೆಯ ಬಗ್ಗೆ ಮೂವತ್ತು ಸಾಲು ಸಣ್ಣ ಅಕ್ಷರ. “ಇದನ್ನ ಯಾರೂ ಓದಲ್ಲ, ನಾನೂ ಓದಿಲ್ಲ.”

ಅದಕ್ಕೆ ಬರೆಯುತ್ತಿದ್ದೇನೆ. ಆ ಚಿತ್ರವನ್ನು ಮತ್ತೆ ಮಾಡು. ನಾನು ಬೂದು, ಗೋಡೆ ಬೂದು, ಟೋಪಿಯೂ ಬೂದು. ಮಗುವಿನ ಕಣ್ಣಿನಲ್ಲಿ ಮತ್ತು ಮುಖದಲ್ಲಿ ಇದ್ದ ಬಣ್ಣ ಮಾತ್ರ ಉಳಿಸು. ಇದ್ದಷ್ಟೇ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ದೊಡ್ಡದಾಗಿ ಹಾಕಿಸು, ಚುಚ್ಚುಮದ್ದಿನ ರೂಮಿನ ಬಾಗಿಲಿನಿಂದಲೇ ಕಾಣಬೇಕು.


ಅಕ್ಟೋಬರ್ 3, ಶುಕ್ರವಾರ

ತಂಗೀ,

ಕೊಳವೆಯಲ್ಲಿ ಸುತ್ತಿ ಕಳಿಸಿದ್ದೇನೆ. ಮಡಿಕೆ ಬೀಳದ ಹಾಗೆ ಬಿಚ್ಚು.

ಈ ಸಲ ಬಿಳಿ ತೋರಿಸಿದ್ದು ಗೋಡೆಯನ್ನು. ಹಳದಿಯನ್ನು ಮುಟ್ಟಿಲ್ಲ. ಅಂಚು ಬಿಡಿಸಲು ಎರಡು ದಿನ ಹಿಡಿಯಿತು. ಆ ಬಣ್ಣ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದರೆ ಕಿವಿಯ ಹಿಂದೆಯೂ ಇತ್ತು, ಉಗುರಿನ ಬುಡದಲ್ಲೂ ಇತ್ತು. ಟೋಪಿಯನ್ನು ಕೊನೆಗೆ ಬೂದು ಮಾಡಿದೆ.

ಅಣ್ಣ


ಅಕ್ಟೋಬರ್ 20, ಸೋಮವಾರ

ಅಣ್ಣಾ,

ಚಿತ್ರವನ್ನು ನರ್ಸ್ ಅಕ್ಕ ತೂಕದ ಯಂತ್ರದ ಮೇಲ್ಗಡೆ ಹಾಕಿದ್ದಾರೆ. ಪಕ್ಕದಲ್ಲಿ ಒಂದು ಬಿಳಿ ಲಂಗೋಟಿಯನ್ನು ಮೊಳೆಗೆ ತೂಗುಹಾಕಿದ್ದಾರೆ. ಅದು ಅತ್ತೆ ಕೊಟ್ಟದ್ದು. ಬೀದಿಯ ಕಡೆಗೆ ಹರವುತ್ತಿದ್ದವರು, “ಇದನ್ನೂ ಹಾಕ್ಕೊಳ್ಳಮ್ಮ” ಎಂದು ತಾವೇ ತೆಗೆದುಕೊಂಡು ಹೋಗಿ ಕೊಟ್ಟು ಬಂದರು.

ಗುರುವಾರ ನಾನು ಅಲ್ಲಿದ್ದೆ. ಒಬ್ಬಳು ದೊಡ್ಡ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದಳು, ತೋಳಲ್ಲಿ ಇನ್ನೊಂದು ಎಳೆಗೂಸು. ಸಾಲಿನಲ್ಲಿ ನಿಂತು ಸುಮ್ಮನೆ ಚಿತ್ರ ನೋಡುತ್ತಿದ್ದವಳು ಒಮ್ಮೆಗೇ ಸಾಲು ಬಿಟ್ಟಳು. ಕೂಸನ್ನು ಕಿಟಕಿಯ ಹತ್ತಿರ ಒಯ್ದು ರೆಪ್ಪೆ ಎತ್ತಿ ನೋಡಿದಳು. ಮತ್ತೆ ಚಿತ್ರ ನೋಡಿದಳು. “ನಮ್ಮತ್ತೆ ಏನೂ ಇಲ್ಲ ಅಂತಾರೆ” ಎಂದಳು, ಯಾರಿಗೆ ಎಂದಿಲ್ಲದೆ. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ನರ್ಸ್ ಅಕ್ಕ ಸೂಜಿ ಕೆಳಗಿಟ್ಟು, “ಎಷ್ಟು ದಿನ ಮಗೂಗೆ?” ಎಂದರು.

ಹದಿನೆಂಟು.

ಅದಕ್ಕೆ ಏನಿದೆಯೋ ಏನಿಲ್ಲವೋ ಇನ್ನೂ ಗೊತ್ತಿಲ್ಲ, ಪರೀಕ್ಷೆಗೆ ಕಳಿಸಿದ್ದಾರೆ. ಅವಳು ಹೋದ ಮೇಲೆ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಸಂತೋಷವೋ ಹೊಟ್ಟೆಕಿಚ್ಚೋ ಹೇಳಲಾರೆ. ನಿನಗೆ ಸುಳ್ಳು ಬರೆಯಬಾರದು ಎಂದು ಎರಡನ್ನೂ ಬರೆದಿದ್ದೇನೆ.

ನಮ್ಮ ಸಾಹೇಬರ ಬಟ್ಟೆಗಳು ಇವತ್ತೂ ಬೆಳ್ಳಗೇ ಒಣಗಿವೆ. ಹೊಟ್ಟೆ ಉಬ್ಬಿದೆ, ಕೈಕಾಲು ಕಡ್ಡಿ. ಟೋಪಿ ಇನ್ನೂ ಆಗುತ್ತದೆ, ಆಗಬಾರದಿತ್ತು. ಏಳು ಕಿಲೋ ತೂಗಿದರೆ ಬೇರೆಯವರ ಲಿವರಿನ ತುಂಡು ಹಾಕಿ ನೋಡಬಹುದು ಎಂದಿದ್ದಾರೆ ಡಾಕ್ಟರು. ಈಗ ನಾಲ್ಕೂ ಮುಕ್ಕಾಲು. ಇವರ ರಕ್ತದ ಗುಂಪು ಹೊಂದುವುದಿಲ್ಲ. ನನ್ನದೂ ಇಲ್ಲ.

ನಿನ್ನದು ಯಾವುದು? ಬಾಯಲ್ಲಿ ಹೇಳಬೇಡ, ಪತ್ರದಲ್ಲೂ ಬರೆಯಬೇಡ. ರಕ್ತ ಕೊಟ್ಟು, ಪರೀಕ್ಷೆಯ ಚೀಟಿಯನ್ನೇ ತೆಗೆದುಕೊಂಡು ಬಾ.

ನಿನ್ನ
ಪ್ರಶ್ನೆಪತ್ರಿಕೆ